ಹಲಗೆ ತೆಗ್ದಿ

ಡಾಕ್ಟರು ಸೂಜಿ ಹಿಡಿದುಕೊಂಡು ಬಂದರೆ ನಾನು ಕಳ್ಳಾಟ ಆಡುತ್ತಿದ್ದೆ. ಕಣ್ಣು ಮುಚ್ಚು ಅಂದರೆ ಮುಚ್ಚಬೇಕು, ಅವರು ಕಾಲಿಗೆ ಅಲ್ಲಲ್ಲಿ ಚುಚ್ಚುತ್ತಾರೆ, ಚುಚ್ಚಿದಾಗೆಲ್ಲ "ಹಾಂ" ಅನ್ನಬೇಕು. ನನಗೆ ಒಂದೂ ಗೊತ್ತಾಗುತ್ತಿರಲಿಲ್ಲ. ಆದರೆ ಅವರು ಬಗ್ಗಿದಾಗ ಮಂಚ ಕಿರ್ ಅನ್ನುತ್ತಿತ್ತು. ಮಂಚ ಕಿರ್ ಅಂದ ಕೂಡಲೆ ನಾನು "ಹಾಂ" ಅಂತಿದ್ದೆ. ಎರಡು ದಿನ ನಡೆಯಿತು. ಮೂರನೇ ದಿನ ಅವರು ಸುಮ್ಮನೆ ಬಗ್ಗಿದರು, ಚುಚ್ಚಲೇ ಇಲ್ಲ, ನಾನು "ಹಾಂ" ಅಂದೆ. ಕಣ್ಣು ತೆಗೆದು ನೋಡಿದರೆ ಸೂಜಿ ಕಿಸೆಯಲ್ಲೇ ಇತ್ತು. ಬೈಯಲಿಲ್ಲ. "ಯಾರಿಗೆ ಮೋಸ ಮಾಡ್ತಿದ್ದೀಯೋ ಮಾರಾಯ" ಅಂದು ಮುಂದಿನ ಮಂಚಕ್ಕೆ ಹೋದರು.

ಅಂಥದ್ದೇ ಒಂದು ಮಂಚದ ಮೇಲೆ ಈಗ ಯಾರಾದರೂ ಮಲಗಿದ್ದರೆ, ಅವರಿಗಾಗಿ ಇದನ್ನು ಬರೀತಿದ್ದೀನಿ. ರೋಗದ ಹೆಸರು, ಔಷಧದ ಹೆಸರು ನನಗೆ ಆಗಲೂ ತಿಳಿದಿರಲಿಲ್ಲ, ಈಗಲೂ ಬೇಡ. ಮಲಗಿದವನಿಗೆ ಬೇಕಾಗುವುದು ಅದಲ್ಲ. ಇನ್ನೊಬ್ಬ ಹೀಗೇ ಬಿದ್ದುಕೊಂಡಿದ್ದ, ಅವನೂ ಡಾಕ್ಟರಿಗೆ ಸುಳ್ಳು ಹೇಳಿದ್ದ ಅಂತ ಗೊತ್ತಾದರೆ ಸಾಕು.

ನನ್ನ ಹೆಸರು ಚನ್ನಬಸಪ್ಪ, ಹಾನಗಲ್ಲ ಕಡೆಯವನು. ಮನೆಮನೆಗೆ ಕರೆಂಟಿನ ವೈರು ಎಳೆಯುವುದು ನನ್ನ ಕಸಬಾಗಿತ್ತು. ಈ ಸೀಮೆ ಮುಂಬಯಿ ರಾಜ್ಯ ಬಿಟ್ಟು ಮೈಸೂರಿಗೆ ಸೇರಿ ನಾಲ್ಕೈದು ವರ್ಷ ಆಗಿತ್ತು. ಹುಬ್ಬಳ್ಳಿಯ ಒಬ್ಬ ಗುತ್ತಿಗೆದಾರ ನನ್ನನ್ನು ಸಿದ್ದಾಪುರಕ್ಕೆ ಕಳಿಸಿದ. ನನಗಾಗ ಇಪ್ಪತ್ತನಾಲ್ಕು. ಕೋತಿಯ ಹಾಗೆ ಎಲ್ಲಿ ಬೇಕಾದರೂ ಹತ್ತುತ್ತಿದ್ದೆ. ಊರಿಗೆ ಬಂದು ಎಂಟು ದಿನ ಆಗಿತ್ತು, ಪೇಟೆಬೀದಿಯ ಹೆಗಡೇರ ಮನೆಯಲ್ಲಿ ಕೆಲಸ ಹಿಡಿದು ಎರಡನೇ ದಿನ.

ಆ ಮನೆಯಲ್ಲಿ ಇಬ್ಬರೇ. ಹೆಗಡೇರು, ಅವರ ಹೆಂಡತಿ ಭಾಗೀರಥಕ್ಕ. ಅಕ್ಕ ನನ್ನನ್ನು "ಬನ್ನಿ, ಕೂತ್ಕಳ್ಳಿ, ಚಾ ಕುಡೀರಿ" ಅಂತ ಬಹುವಚನದಲ್ಲೇ ಮಾತಾಡಿಸುತ್ತಿದ್ದರು. ವೈರಿನವನಿಗೆ ಅಷ್ಟು ಮರ್ಯಾದೆ ಯಾರು ಕೊಡ್ತಾರೆ ಹೇಳಿ. ಮೊದಲ ದಿನ ಊಟಕ್ಕೆ ಮಾವಿನಮಿಡಿ ಉಪ್ಪಿನಕಾಯಿ ಹಾಕಿದ್ದರು. ನಾನು ಮೂರು ಸಲ ಕೇಳಿ ಹಾಕಿಸಿಕೊಂಡೆ. ಅಕ್ಕ ನಕ್ಕು, "ಭರಣಿ ಖಾಲಿ ಆತು, ನಾಳೆ ಅಟ್ಟದಿಂದ ಬೇರೆ ಇಳಿಸಬೇಕು" ಅಂದಿದ್ದರು.

ಮರುದಿನ ಬೆಳಿಗ್ಗೆ ಅಟ್ಟದ ಮೇಲೆ ಕೆಲಸ. ವೈರು ದಾಟಿಸಲು ಅಟ್ಟದ ನೆಲದ ಹಲಗೆಗಳನ್ನು ನಾನೇ ಎತ್ತುತ್ತಿದ್ದೆ, ಮತ್ತೆ ಕೂರಿಸುತ್ತಿದ್ದೆ. ಮೂರು ಹಲಗೆ ಎತ್ತಿ ಕೂರಿಸಿದ್ದು ನೆನಪಿದೆ. ಮೊಳೆ ಮುಗಿದವು ಅಂತ ಪೇಟೆಗೆ ಹೋಗಿದ್ದು ನೆನಪಿದೆ. ತಿರುಗಿ ಬಂದದ್ದು ನೆನಪಿಲ್ಲ. ಅಟ್ಟ ಹತ್ತಿದ್ದು ನೆನಪಿಲ್ಲ. ಬಿದ್ದದ್ದೂ ನೆನಪಿಲ್ಲ.

ಆಮೇಲೆ ನೆನಪಿರುವುದು ಅಡಿಗೆಮನೆಯ ನೆಲ. ನಾನು ಅಂಗಾತ ಬಿದ್ದಿದ್ದೆ. ಮೇಲೆ ಅಟ್ಟದಲ್ಲಿ ಒಂದು ಉದ್ದನೆಯ ಕಂಡಿ, ಅದರೊಳಗಿಂದ ಒಂದು ಚಾಪೆ ಅರ್ಧ ಜೋತುಬಿದ್ದಿತ್ತು. ನೋವಿಲ್ಲ. ಸೊಂಟದಿಂದ ಕೆಳಗೆ ನಾನೇ ಇಲ್ಲ. ಭಾಗೀರಥಕ್ಕ ತಲೆ ಚಚ್ಚಿಕೊಳ್ಳುತ್ತ ನನ್ನ ಮುಖದ ಮೇಲೆ ಬಗ್ಗಿ ಹೇಳಿದರು:

"ಅಯ್ಯೋ ದೇವ್ರೇ, ಹಲಗೆ ತೆಗ್ದಿ, ಚಾಪೆ ಹಾಸ್ದಿ, ಹೇಳಲೆ ಮರ್ತಿ!"

ನಮ್ಮ ಕಡೆ ತೆಗ್ದಿ ಅಂದರೆ ನೀನು ತೆಗೆದೆ. ಹಲಗೆ ನೀನು ತೆಗೆದೆ, ಚಾಪೆ ನೀನು ಹಾಸಿದೆ, ಹೇಳುವುದನ್ನೂ ನೀನೇ ಮರೆತೆ. ನನಗೆ ಮೊದಲು ಬಂದ ಯೋಚನೆ ಕಾಲಿನದಲ್ಲ, ನಾಚಿಕೆ ಆಗುತ್ತದೆ ಹೇಳಲು. ನಿನ್ನೆಯವರೆಗೆ ಬನ್ನಿ ಹೋಗಿ ಅಂತಿದ್ದವರು ಈಗ ಆಳಿಗೆ ಅಂದ ಹಾಗೆ ಏಕವಚನಕ್ಕೆ ಇಳಿದುಬಿಟ್ಟರಲ್ಲ ಅಂತ ಹೊಟ್ಟೆ ಉರಿಯಿತು. ಆಮೇಲೆ ಏನೂ ಅನಿಸಲಿಲ್ಲ. ಬಹಳ ದಿನ ಏನೂ ಅನಿಸಲಿಲ್ಲ.

ಯಲ್ಲಾಪುರದಿಂದ ಮರದ ನಾಟಾ ತಂದು ಇಳಿಸಿದ ಲಾರಿಯೊಂದು ಬೀದಿಯಲ್ಲಿ ನಿಂತಿತ್ತು. ಅದರಲ್ಲೇ ನನ್ನನ್ನು ಕಳಚಿದ ಬಾಗಿಲ ಪಡಿಯ ಮೇಲೆ ಮಲಗಿಸಿ ಶಿರಸಿಯ ಆಸ್ಪತ್ರೆಗೆ ಒಯ್ದರು. ದಾರಿಯುದ್ದಕ್ಕೂ ಭಾಗೀರಥಕ್ಕ ನನ್ನ ತಲೆ ಹಿಡಿದು ಕೂತಿದ್ದರು, ಅದೇ ಮಂತ್ರ ಹೇಳುತ್ತ. ತೆಗ್ದಿ, ಹಾಸ್ದಿ, ಮರ್ತಿ. ನಾನು ಕಣ್ಣು ಮುಚ್ಚಿಕೊಂಡೆ.

ಆಸ್ಪತ್ರೆಯ ಜಗಲಿಯಲ್ಲಿ ಡಾಕ್ಟರಿಗಾಗಿ ಕಾದದ್ದು ಎಷ್ಟು ಹೊತ್ತೋ. ಪಕ್ಕದ ಬೆಂಚಿನಲ್ಲಿ ಕಿವಿನೋವಿನವರು, ಕೆಮ್ಮಿನವರು, ಎಲ್ಲರೂ ನನ್ನ ಕಡೆ ನೋಡಿ ತಮ್ಮ ರೋಗ ಮರೆತು ಖುಷಿಯಾಗಿದ್ದರು. "ಎಂತ ಆತು?" "ಅಟ್ಟದಿಂದ ಬಿದ್ನಡ." "ಎಷ್ಟು ಎತ್ತರ ಇತ್ತೇನ?" ನಾನೊಂದು ಮಾರಾಟಕ್ಕೆ ಬಂದ ಎಮ್ಮೆ ಅನ್ನುವ ಹಾಗೆ ನೋಡಿ ಹೋಗುತ್ತಿದ್ದರು.

ಮೂರನೇ ದಿನ ಗುತ್ತಿಗೆದಾರನ ಗುಮಾಸ್ತ ಬಂದ. ಧಾರವಾಡದವನು, ನಮ್ಮ ಮಾತಿನವನು. ಅವನ ದನಿ ಕೇಳಿ ಜೀವಕ್ಕೆ ತಂಪಾಯಿತು. ಕೈಯಲ್ಲಿ ಬರೆದ ಕಾಗದ ಇತ್ತು.

"ನೋಡಪಾ ಚನ್ನಬಸಪ್ಪ, ವಿಮೆಯವ್ರು ಒಂದ ಮಾತು ಕೇಳ್ತಾರ. ಹಲಗಿ ಯಾರು ತೆಗದ್ರು? ನಾ ಸಿದ್ದಾಪುರಕ್ಕ ಹೋಗಿ ಆ ಅಮ್ಮಾರನ್ನ ಕೇಳೀನಿ. ಅಳಕೋತ ಅಷ್ಟೂ ಹೇಳ್ಯಾರ. ನೀನ ತೆಗ್ದಿಯಂತ, ನೀನ ಚಾಪಿ ಹಾಸಿದಿಯಂತ."

"ನನಗ ನೆನಪಿಲ್ರಿ."

"ಅವರಿಗೆ ನೆನಪೈತಲ್ಲ."

ಚಾಪೆ ನಾನು ಯಾಕೆ ಹಾಸಿದೆ ಅಂತ ಒಂದು ಗಳಿಗೆ ಯೋಚಿಸಿದೆ. ಹೊಳೆಯಲಿಲ್ಲ. ಬೆಳಗಿನಿಂದ ಹಲಗೆ ಎತ್ತುತ್ತಿದ್ದವನು ನಾನೇ ತಾನೆ. ಸಹಿ ಹಾಕಿದೆ. ನನ್ನ ಅಲಕ್ಷ್ಯದಿಂದ ಬಿದ್ದೆ, ಬೇರೆ ಯಾರದೂ ತಪ್ಪಿಲ್ಲ ಅಂತ. ಗುಮಾಸ್ತ ಕಾಗದ ಮಡಚಿ, "ಜೀವ ಉಳೀತಲ್ಲ, ಶಿವ ದೊಡ್ಡವ" ಅಂದು ಒಂದು ಡಜನ್ ಬಾಳೆಹಣ್ಣು ಇಟ್ಟು ಹೋದ.

ಊರಿಂದ ಅವ್ವ ಬಂದಳು. ಬಂದವಳೇ ನನ್ನ ಕಾಲು ಮುಟ್ಟಿ ನೋಡಿದಳು. "ಯಪ್ಪಾ, ಕಾಲು ತಣ್ಣಗ ಕೊರದಂಗ ಆಗ್ಯಾವಲ್ಲೋ" ಅಂದಳು. ಯಾರನ್ನೂ ಕೇಳದೆ ಇಟ್ಟಿಗೆ ಕಾಸಿ, ಬಟ್ಟೆ ಸುತ್ತಿ, ನನ್ನ ಎಡಗಾಲಿಗೆ ಕೊಟ್ಟು ಕೂತಳು. ಅವಳೂ ಮಾತಾಡುತ್ತಿದ್ದಳು, ನಾನೂ ಹೂಂಗುಟ್ಟುತ್ತಿದ್ದೆ. ಏನೋ ಸುಟ್ಟ ವಾಸನೆ ಬಂತು. "ಏನ್ ವಾಸನಿ ಬೇ?" ಅಂದೆ. ಬಟ್ಟೆ ತೆಗೆದು ನೋಡಿದರೆ ನನ್ನ ಪಾದವೇ. ಅವ್ವ ಕಿರುಚಿಕೊಂಡಳು. ನಾನು ನೋಡುತ್ತ ಮಲಗಿದ್ದೆ. ನನ್ನ ಚರ್ಮ ಸುಡುತ್ತಿದ್ದರೂ ನನಗೆ ಮೂಗಿನಿಂದ ತಿಳಿಯಬೇಕಾಯಿತಲ್ಲ ಅಂತ ಅವತ್ತು ಮೊದಲ ಸಲ ಹೆದರಿಕೆ ಆಯಿತು. ಅದೂ ದೂರದಲ್ಲಿ ಯಾರಿಗೋ ಆದ ಹಾಗೆ.

ಪಕ್ಕದ ಮಂಚದಲ್ಲಿ ಹುಲಗೋಳದ ಮುದುಕನೊಬ್ಬ ಇದ್ದ, ಹೊಟ್ಟೆಯ ರೋಗದವನು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ" ಅಂದು ಅವ್ವನನ್ನು ನಗಿಸಲು ನೋಡಿದ. ಅವಳು ನಗಲಿಲ್ಲ. ಅವತ್ತಿನಿಂದ ಆ ಮುದುಕ ಒಂದು ಕೆಲಸ ಮೈಮೇಲೆ ಹಾಕಿಕೊಂಡ. ಸುಟ್ಟ ಗಾಯದ ಮೇಲೆ ನೊಣ ಕೂತರೆ ನನಗೆ ಗೊತ್ತಾಗದಲ್ಲ, "ಏ ಲೈಟಿನವ್ನೇ, ಎಡಗಾಲಿಗೆ ಒಂದು ಕೂತಿದೆ ನೋಡು" ಅನ್ನುತ್ತಿದ್ದ. ನಾನು ಟವೆಲು ಬೀಸುತ್ತಿದ್ದೆ. ತನ್ನ ಹೊಟ್ಟೆ ಹಿಡಿದುಕೊಂಡು ನರಳುವಾಗಲೂ ನನ್ನ ಕಾಲಿನ ಮೇಲೆ ಒಂದು ಕಣ್ಣು ಇಟ್ಟಿರುತ್ತಿದ್ದ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಮಂಚ ಖಾಲಿ. ಮನೆಗೆ ಹೋದನೋ ಎಲ್ಲಿ ಹೋದನೋ ನಾನು ಕೇಳಲಿಲ್ಲ. ಕೇಳಬೇಕಿತ್ತು.

ಇನ್ನೊಂದು, ಊಟದ ಡಬ್ಬಿ. ದಿನಾ ಮಧ್ಯಾಹ್ನ ಸಿದ್ದಾಪುರದ ಬಸ್ಸಿನಲ್ಲಿ ಹಿತ್ತಾಳೆಯ ಡಬ್ಬಿ ಬರುತ್ತಿತ್ತು. ಗಂಜಿ, ತಂಬುಳಿ, ಒಂದು ಮಿಡಿ ಉಪ್ಪಿನಕಾಯಿ. ಕಂಡಕ್ಟರು ತಂದು ಇಟ್ಟು, ನಿನ್ನೆಯ ಡಬ್ಬಿ ಒಯ್ಯುತ್ತಿದ್ದ. ವಾರಕ್ಕೊಮ್ಮೆ ಭಾಗೀರಥಕ್ಕ ತಾವೇ ಬರುತ್ತಿದ್ದರು. ಬಂದು ಮಂಚದ ಹತ್ತಿರ ನಿಂತು ಮೆಲ್ಲಗೆ, "ಹಲಗೆ ತೆಗ್ದಿ..." ಅಂತ ಶುರು ಮಾಡಿ ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ಗೋಡೆ ಕಡೆ ಮುಖ ತಿರುಗಿಸಿ ಉಣ್ಣುತ್ತಿದ್ದೆ. ಈ ಹೆಂಗಸಿಗೆ ಎಷ್ಟು ಸೊಕ್ಕು, ಬಿದ್ದವನಿಗೆ ವಾರವಾರ ಬಂದು ನಿನ್ನದೇ ತಪ್ಪು ಅಂತಾಳಲ್ಲ ಅಂದುಕೊಳ್ಳುತ್ತಿದ್ದೆ. ಸಿಟ್ಟು ಬರಬೇಕಿತ್ತು. ಬರಲಿಲ್ಲ.

ಒಂದೂವರೆ ತಿಂಗಳಿಗೆ ಬಲಗಾಲಿನಲ್ಲಿ ಇರುವೆ ಹರಿದ ಹಾಗಾಯಿತು. ಡಾಕ್ಟರು ಚುಚ್ಚಿದರು. ಈ ಸಲ "ಹಾಂ" ಅನ್ನಲಿಲ್ಲ, "ಅವ್ವಾ" ಅಂದೆ. ಡಾಕ್ಟರು ನಕ್ಕುಬಿಟ್ಟರು. ಬಲಗಾಲು ದಿನದಿನಕ್ಕೆ ಬಂತು. ಎಡಗಾಲು ಮೊಣಕಾಲಿನವರೆಗೆ ಬಂದು ಅಲ್ಲೇ ನಿಂತಿತು. ಪಾದ ಬರಲಿಲ್ಲ. "ಇನ್ನು ಮನೆಗೆ ಹೋಗು. ಕೋಲು ಹಿಡಿದು ನಡೆ. ಏಣಿ ಮಾತ್ರ ಹತ್ತಬೇಡ, ಯಾವತ್ತೂ" ಅಂದರು. ಏಣಿ ಹತ್ತದ ವೈರಿನವನು ಅಂದರೆ ಏನು? ಯಾವ ಮನೆಗೆ ಹೋಗುವುದು? ಊರಲ್ಲಿ ಅಣ್ಣಂದಿರ ಸಂಸಾರ, ಒಂದೇ ಕೋಣೆ. ಅವ್ವ ಸೆರಗಿನ ತುದಿ ಕಚ್ಚುತ್ತ ನಿಂತಿದ್ದಳು.

ಆಗ ಭಾಗೀರಥಕ್ಕ ಹೇಳಿದರು: "ನಮ್ಮನೆಲಿ ಬಿದ್ದವ ನಮ್ಮನೆಲೇ ಏಳವು." ನಮ್ಮ ಮನೆಯಲ್ಲಿ ಬಿದ್ದವನು ನಮ್ಮ ಮನೆಯಲ್ಲೇ ಏಳಬೇಕು. ಅದು ಅವರ ಮನೆತನದ ಮಾತಂತೆ. ಹಿಂದೆ ಹುಲ್ಲು ಹೊದಿಸಲು ಬಂದು ಜಾರಿ ಬಿದ್ದವನೊಬ್ಬನನ್ನು ಹೆಗಡೇರ ಅಜ್ಜ ವರ್ಷಗಟ್ಟಲೆ ಸಾಕಿದ್ದರಂತೆ. ಹೆಗಡೇರೂ ತಲೆ ಆಡಿಸಿದರು.

ಬೀದಿ ಬದಿಯ ಕೋಣೆಯಲ್ಲಿ ನನಗೆ ಮಂಚ ಹಾಕಿದರು. ಅವ್ವ ಅವರ ಕೈಯ ಅಡಿಗೆ ಉಣ್ಣುವವಳಲ್ಲ, ಅವರು ನಮ್ಮನ್ನು ಒಲೆಯ ಹತ್ತಿರ ಬಿಡುವವರಲ್ಲ. ಇಬ್ಬರ ಮಡಿಯೂ ಉಳಿಯಲಿ ಅಂತ ಅವ್ವನಿಗೆ ಹಿತ್ತಲಲ್ಲಿ ಬೇರೆ ಒಲೆ ಹೂಡಿಕೊಟ್ಟರು. ನಾನು ಎರಡೂ ಒಲೆಯದು ಉಣ್ಣುತ್ತಿದ್ದೆ. ಮಲಗಿದವನಿಗೆ ಎಂಥ ಮಡಿ! ಅಂಗಾತ ಮಲಗಿ ಮಾಡಿನ ಜಂತೆ ಎಣಿಸುತ್ತಿದ್ದೆ, ಹನ್ನೆರಡು. "ಉಂಡ ಮನಿ ಜಂತಿ ಎಣಸಬಾರ್ದೋ" ಅಂತ ಅವ್ವ ಬೈದಳು. ಬೇರೆ ಏನು ಎಣಿಸಲಿ?

ಎರಡನೇ ವಾರ ಇರಬೇಕು. ಹೆಗಡೇರು ಹೊರಗಿನಿಂದ ಬಂದು ನನ್ನ ಕೋಣೆಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತ ಹೇಳಿದರು: "ಪ್ಯಾಟಿಗೆ ಹೋದಿ, ಕಾಗದ ಹಾಕ್ದಿ, ಸೀದಾ ಮನೆಗೆ ಬಂದಿ."

ನನಗೆ ರೇಗಿತು. "ನಾ ಎಲ್ಲಿ ಹೋಗ್ಲಿರಿ ಹೆಗಡೇರ? ಎರಡು ವಾರ ಆತು ಇಲ್ಲೇ ಬಿದ್ದೇನಿ. ಚೇಷ್ಟಾ ಮಾಡ್ತೀರೇನು?"

ಅವರು ನನ್ನನ್ನೇ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಬಿದ್ದ ಮೇಲೆ ಆ ಮನೆಯಲ್ಲಿ ನಾನು ಕೇಳಿದ ಮೊದಲ ನಗು ಅದು. "ಅಲ್ಲೋ ಮಾರಾಯ, ನಿನಗೆ ಅಲ್ಲ. ಒಳಗೆ ಅವಳಿಗೆ ಹೇಳಿದ್ದು. ನಮ್ಮ ಮನೆಮಾತಲ್ಲಿ ಆನು ಹೋದಿ ಅಂದ್ರೆ ನಾನು ಹೋದೆ. ಆನು ಬಂದಿ ಅಂದ್ರೆ ನಾನು ಬಂದೆ. ಎದುರಿನವಂಗೆ ಹೇಳೂಲೆ ನಾವು ನೀನು ಹೋದೆ, ನೀನು ಬಂದೆ ಅಂತೇವು. ನಿಮ್ಮ ಕಡೆಗೆ ಪೂರಾ ತಿರುಗಾಮುರುಗಾ!"

ನಾನೂ ನಗಲು ಹೋದೆ. ಬಾಯಿ ತೆರೆದದ್ದು ಹಾಗೇ ಉಳಿಯಿತು.

"ಹಾಗಾದ್ರ ತೆಗ್ದಿ ಅಂದ್ರ?"

"ನಾನು ತೆಗೆದೆ."

ಬಾಗಿಲ ಹಿಂದೆ ಭಾಗೀರಥಕ್ಕ ನಿಂತಿದ್ದರು. ನಾನು ಅವರನ್ನು ಕರೆದು ಕೇಳಿದೆ. ಆಗ ಎಲ್ಲ ಹೊರಗೆ ಬಂತು. ನಾನು ಮೊಳೆ ತರಲು ಪೇಟೆಗೆ ಹೋದಾಗ ಅಕ್ಕ ಅಟ್ಟ ಹತ್ತಿದ್ದರು, ಭರಣಿ ಇಳಿಸಲು. ತುಂಬಿದ ಭರಣಿ ಹಿಡಿದು ಏಣಿ ಇಳಿಯಲು ಆಗದು ಅಂತ ಒಂದು ಹಲಗೆ ತೆಗೆದು, ಹಗ್ಗ ಕಟ್ಟಿ, ಕಂಡಿಯಿಂದ ಅಡಿಗೆಮನೆಗೆ ಇಳಿಬಿಟ್ಟರು. ಹಲಗೆ ತಿರುಗಿ ಕೂರಿಸಲು ಕೈಲಾಗಲಿಲ್ಲ. ಅಟ್ಟದ ಮಸಿ ಅನ್ನದ ಮೇಲೆ ಬೀಳಬಾರದು ಅಂತ ಕಂಡಿಯ ಮೇಲೆ ಚಾಪೆ ಹಾಸಿದರು. ನಾನು ಬಂದಾಗ ಹೇಳಬೇಕೆಂದಿದ್ದವರು ಒಲೆಯ ಮೇಲಿನ ಹಾಲು ಉಕ್ಕಿತು ಅಂತ ಓಡಿದರು. ನಾನು ಚಾಪೆಯ ಮೇಲೆ ಕಾಲಿಟ್ಟೆ. ನನ್ನ ಊಟದ ಉಪ್ಪಿನಕಾಯಿ ಅದು.

ಅಕ್ಕನಿಗೂ ಆಗಲೇ ತಿಳಿದದ್ದು, ನನ್ನ ಕಿವಿಗೆ ಅದು ಹೇಗೆ ಬಿದ್ದಿತ್ತು ಅಂತ. ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ಅಂದ್ರೆ ನಾನು ನಿನ್ನ ಮೇಲೇ ಹಾಕ್ದಿ ಹೇಳಿ ತಿಳ್ಕಂಡಿದ್ಯಾ ಇಷ್ಟು ದಿನ?"

"ಹೌದ್ರಿ."

"ಮತ್ತೆ ಎಂತಕ್ಕೆ ಉಂಡೆ, ನಾ ಕಳಿಸಿದ್ದು?"

"ಹಸಿವಿತ್ರಿ."

ಅವರು ಬಾಗಿಲಲ್ಲೇ ಕೂತರು. "ದಿನಾ ಡಬ್ಬಿ ಖಾಲಿಯಾಗಿ ಬರ್ತಿತ್ತು. ನೀನು ಕ್ಷಮಿಸಿದೆ ಹೇಳಿ ತಿಳ್ಕಂಡಿದ್ನಲೋ ತಮಾ" ಅಂದರು. ಆ ಹೊತ್ತಿನಲ್ಲಿ ನಾನೊಂದು ಒಳ್ಳೆಯ ಮಾತು ಆಡಬೇಕಿತ್ತು. ಮತ್ತೆ ಜಂತೆ ಎಣಿಸಿದೆ.

ಹೆಗಡೇರು ಮರುದಿನವೇ ಗುತ್ತಿಗೆದಾರನಿಗೆ ಕಾಗದ ಬರೆದರು, ಹೇಳಿಕೆ ತಪ್ಪಾಗಿದೆ ಅಂತ. ಶಿರಸಿಯ ಕಚೇರಿಗೆ ಬನ್ನಿ ಅಂತ ಉತ್ತರ ಬಂತು. ಹಿಂದಿನ ದಿನ ಸಂಜೆಯೆಲ್ಲ ಅಕ್ಕ ನನ್ನ ಮುಂದೆ ಕೂತು ನಮ್ಮ ಕಡೆಯ ಮಾತು ಕಲಿತರು. "ನಾನು ತೆಗೆದೆ ಅನ್ರಿ" ಅಂತ ನಾನು. "ತೆಗೆದೆ" ಅನ್ನಲು ಅವರ ನಾಲಿಗೆ ಏಳುತ್ತಿರಲಿಲ್ಲ. "ಅದು ಬಾಯಿಗೇ ಬತ್ತಿಲ್ಲೆ. ನಂಗಕ್ಕೆ ಅದು ನೀ ತೆಗ್ದೆ ಹೇಳ್ದಾಂಗೆ ಆಗ್ತಲೋ. ಮತ್ತೊಂದು ಸಲ ನಿನ್ನ ಮೇಲೆ ಹಾಕಲೆ ಹೇಳ್ತ್ಯಾ?" ಅಂದರು.

ಕಚೇರಿಯಲ್ಲಿ ಅದೇ ಗುಮಾಸ್ತ. ಹೆಗಡೇರು ತಿರುಗಿ ಹೋಗುವ ಬಸ್ಸು ಯಾವಾಗ ಅಂತ ಕೇಳಲು ಸ್ಟ್ಯಾಂಡಿಗೆ ಹೋಗಿದ್ದರು. ಗುಮಾಸ್ತ ಅಕ್ಕನನ್ನು ಬೆಂಚಿನ ಮೇಲೆ ಕೂರಿಸಿ, ನನ್ನನ್ನು ಪಕ್ಕಕ್ಕೆ ಕರೆದ.

"ತಿಳಕೊಂಡು ಹೇಳಸು. ನೀನ ತೆಗ್ದಿ ಅಂದ್ರ ನಿನ್ನ ತಪ್ಪು. ವಿಮೆಯವ್ರು ಕನಿಕರ ಬಂದ್ರ ಏನಾರ ಸ್ವಲ್ಪ ಕೊಟ್ಟಾರು, ಇಲ್ಲಾ ಇಲ್ಲ. ಮನಿಯವ್ರು ತೆಗದ್ರು ಅಂತಾದ್ರ ಹೊಣಿ ಮನಿಯವ್ರದು. ವಿಮೆ ಕೈ ತೊಳಕೊಂತೈತಿ. ನೀ ಅವರ ಮ್ಯಾಲ ದಾವೆ ಹಾಕಬೇಕು. ಗೆಲ್ತಿ ಬಿಡು. ಅವರಿಗೆ ಪೇಟ್ಯಾಗಿನ ಆ ಮನಿ ಒಂದ ಐತಿ, ಅದರ ಮ್ಯಾಲ ಬರ್ತೈತಿ."

ಕಿಟಕಿಯ ಹತ್ತಿರ ಭಾಗೀರಥಕ್ಕ ತುಟಿ ಅಲುಗಿಸುತ್ತ ಪಾಠ ಒಪ್ಪಿಸಿಕೊಳ್ಳುತ್ತಿದ್ದರು. ತೆಗೆದೆ, ತೆಗೆದೆ.

ಗುಮಾಸ್ತ ಪೆನ್ನು ತೆಗೆದ. "ಹೇಳ್ರಿ ಅಮ್ಮಾರ, ಹಲಗಿ ಯಾರು ತೆಗದ್ರು?"

ಅಕ್ಕ ಎದ್ದು ನಿಂತರು. ನನ್ನ ಮುಖ ನೋಡಿದರು. ಸೆರಗು ಸರಿಮಾಡಿಕೊಂಡರು. ನನ್ನ ಮುಖ ನೋಡಿಕೊಂಡು ತೆಗೆದೆ ಅನ್ನಲು ಅವರಿಂದ ಆಗಲಿಲ್ಲ.

"ತೆಗ್ದಿ" ಅಂದರು. ಗಟ್ಟಿಯಾಗಿ. "ಹಲಗೆ ತೆಗ್ದಿ. ಚಾಪೆ ಹಾಸ್ದಿ. ಹೇಳಲೆ ಮರ್ತಿ."

ಗುಮಾಸ್ತ ನನ್ನ ಕಡೆ ತಿರುಗಿದ. "ಮತ್ತ ಅದನ್ನ ಹೇಳಾಕತ್ತಾರಲ್ಲೋ! ಏನ್ ಬರೀಲಿ?"

ಆ ಕೋಣೆಯಲ್ಲಿ ಎರಡೂ ಮಾತು ಬಲ್ಲವನು ನಾನೊಬ್ಬನೇ. ಅಕ್ಕನ ಎದೆಗೆ ಒಂದು ಅರ್ಥ, ಗುಮಾಸ್ತನ ಕಿವಿಗೆ ಇನ್ನೊಂದು. ನನಗೆ ಸಿಟ್ಟೂ ಇರಲಿಲ್ಲ, ಕರುಣೆಯೂ ಇರಲಿಲ್ಲ. ದೊಡ್ಡತನ ಅಂತ ದಯವಿಟ್ಟು ತಿಳಿಯಬೇಡಿ. ನಾನು ಎಣಿಸಿದ ಹನ್ನೆರಡು ಜಂತೆ ಕಣ್ಣ ಮುಂದೆ ಬಂದವು, ಅಷ್ಟೆ.

"ನಿಮ್ಮ ಕಿವಿಗೆ ಹ್ಯಾಂಗ ಕೇಳ್ತೋ ಹಾಂಗ ಬರಕೋರಿ" ಅಂದೆ.

ಅವನು ಇಂಗ್ಲಿಷಿನಲ್ಲಿ ಎರಡು ಸಾಲು ಬರೆದ. ಅಕ್ಕ ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದರು. ಅವನು "ಆತ್ರಿ" ಅಂದ.

ಹೆಗಡೇರ ಮನೆಯ ಬೀದಿ ಬದಿಯ ಆ ಕೋಣೆ ಈಗ ನನ್ನ ರೇಡಿಯೋ ರಿಪೇರಿ ಅಂಗಡಿ. ಕೂತು ಮಾಡುವ ಕೆಲಸ, ಏಣಿ ಬೇಡ. ಒಮ್ಮೊಮ್ಮೆ ಎಡಗಾಲಿನ ಚಪ್ಪಲಿ ದಾರಿಯಲ್ಲಿ ಕಳಚಿ ಬಿದ್ದರೂ ಗೊತ್ತಾಗದೆ ಅರ್ಧ ಪೇಟೆ ನಡೆದು ಬರುತ್ತೇನೆ, ಆಗೆಲ್ಲ ಮೂರ್ಖತನ ಮಾಡಿದೆ ಅನಿಸುತ್ತದೆ. ಅನಿಸಿದ್ದನ್ನು ಹೇಳುತ್ತಿದ್ದೇನೆ. ಕಚೇರಿಯಲ್ಲಿ ಆದದ್ದನ್ನು ಹೆಗಡೇರಿಗೆ ಕೊನೆತನಕ ಹೇಳಲಿಲ್ಲ. ಅಕ್ಕ ಹೋಗಿ ಇನ್ನೂ ವರ್ಷ ತುಂಬಿಲ್ಲ. ಅವರು ಇದ್ದಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ಅವತ್ತು ತಿರುಗಿ ಬರುವಾಗ ಬಸ್ಸಿನಲ್ಲಿ ಅಕ್ಕ ನನ್ನ ಪಕ್ಕದಲ್ಲೇ ಕೂತರು. ಪೇಟೆಯಲ್ಲಿ ಕೊಂಡ ಬೆಲ್ಲ, ತೆಂಗಿನಕಾಯಿ ತುಂಬಿದ ಚೀಲ ಇಡಲು ಜಾಗ ಇರಲಿಲ್ಲ, ನಮ್ಮಿಬ್ಬರ ಕಾಲ ಹತ್ತಿರ ತುರುಕಿದರು. ಊರು ದಾಟಿದ ಮೇಲೆ ಒಂದು ದೊಡ್ಡ ಉಸಿರು ಬಿಟ್ಟು, "ಹೇಳ್ದಿ. ಇವತ್ತು ಹಗುರಾತು ತಮಾ" ಅಂದರು. ಸ್ವಲ್ಪ ಹೊತ್ತಿಗೆ ಕೆಳಗೆ ನೋಡಿ ಗಾಬರಿಯಾದರು. "ಅಯ್ಯೋ, ಚೀಲ ನಿನ್ನ ಎಡಗಾಲ ಮೇಲೇ ಇದ್ದಲೋ! ಭಾರ ಆಗ್ತಿಲ್ಯಾ?"

"ಇಲ್ರಿ ಅಕ್ಕಾರ" ಅಂದೆ. "ಏನೂ ಗೊತ್ತಾಗವಲ್ದು."